ವಯಸ್ಸಾಗುವುದಕ್ಕೂ ಚಕ್ರಬಡ್ಡಿ ಲೆಕ್ಕ: 200 ವರ್ಷಗಳ ಹಿಂದೆ ಗಾಂಪರ್ಟ್ಜ್ ಕೊಟ್ಟ ಸೂತ್ರ

ಈ ಪುಡಿ ತಿಂದರೆ ದೇಹದ ವಯಸ್ಸು 20 ವರ್ಷ ಇಳಿಯುತ್ತದೆ ಎಂಬ ಫಾರ್ವರ್ಡ್ ನಿಮಗೂ ಬಂದಿರಬಹುದು. ಇಂಥ ಮಾತನ್ನು ಅಳೆದು ನೋಡಲು ಒಂದು ಲೆಕ್ಕವಿದೆ. ಅದನ್ನು ಕೊಟ್ಟವರು ವೈದ್ಯರಲ್ಲ, ಲಂಡನ್ನಿನ ಗಣಿತಜ್ಞ ಬೆಂಜಮಿನ್ ಗಾಂಪರ್ಟ್ಜ್.

ಅವರು ಹುಟ್ಟಿದ್ದು 1779ರಲ್ಲಿ, ಯಹೂದಿ ವ್ಯಾಪಾರಿ ಕುಟುಂಬದಲ್ಲಿ. ಆಗ ಇಂಗ್ಲೆಂಡಿನ ವಿಶ್ವವಿದ್ಯಾಲಯಗಳ ಬಾಗಿಲು ಯಹೂದಿಗಳಿಗೆ ತೆರೆದಿರಲಿಲ್ಲ. ನ್ಯೂಟನ್‌ನಂಥವರ ಪುಸ್ತಕ ಓದಿಕೊಂಡು ಅವರು ತಾವೇ ಗಣಿತ ಕಲಿತರು. ಕಾಲೇಜು ಮೆಟ್ಟಿಲು ಹತ್ತದ ಈ ವ್ಯಕ್ತಿ 1819ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆದರು.

1824ರಲ್ಲಿ ಆರಂಭವಾದ ಅಲಯನ್ಸ್ ವಿಮಾ ಕಂಪನಿಯಲ್ಲಿ ಅವರಿಗೆ ಲೆಕ್ಕತಜ್ಞರ ಕೆಲಸ ಸಿಕ್ಕಿತು. ಯಾವ ವಯಸ್ಸಿನವರಿಂದ ಎಷ್ಟು ಪ್ರೀಮಿಯಂ ಪಡೆಯಬೇಕು ಎಂದು ಹೇಳಬೇಕಾದರೆ, ಯಾವ ವಯಸ್ಸಿನಲ್ಲಿ ಸಾವಿನ ಅಪಾಯ ಎಷ್ಟು ಎಂಬುದು ತಿಳಿದಿರಬೇಕು. ಸಾವಿನ ಅಂಕಿಅಂಶದ ಪಟ್ಟಿಗಳನ್ನು ಪರಿಶೀಲಿಸಿದ ಗಾಂಪರ್ಟ್ಜ್ 1825ರಲ್ಲಿ ತಮ್ಮ ಪ್ರಬಂಧ ಪ್ರಕಟಿಸಿದರು.

ಅವರು ಕಂಡದ್ದು ಇಷ್ಟು: ದೊಡ್ಡವರಾದ ಮೇಲೆ ಸಾವಿನ ಅಪಾಯ ವರ್ಷಕ್ಕೆ ಇಷ್ಟಿಷ್ಟೇ ಎಂದು ಕೂಡುತ್ತಾ ಹೋಗುವುದಿಲ್ಲ, ಚಕ್ರಬಡ್ಡಿಯಂತೆ ಬೆಳೆಯುತ್ತದೆ. ಸಾವನ್ನು ತಡೆಯುವ ದೇಹದ ಶಕ್ತಿ ಪ್ರತಿ ಕ್ಷಣವೂ ಉಳಿದದ್ದರಲ್ಲಿ ಒಂದೇ ಪಾಲು ಕರಗುತ್ತದೆ ಎಂಬುದು ಅವರ ಊಹೆ. ಅಪಘಾತದಂಥ, ವಯಸ್ಸಿಗೆ ಸಂಬಂಧವಿಲ್ಲದ ಸಾವುಗಳನ್ನು 1860ರಲ್ಲಿ ವಿಲಿಯಂ ಮೇಕಮ್ ಈ ಸೂತ್ರಕ್ಕೆ ಸೇರಿಸಿದರು. ಗಾಂಪರ್ಟ್ಜ್ 1865ರಲ್ಲಿ, 86ನೇ ವಯಸ್ಸಿನಲ್ಲಿ ತೀರಿಕೊಂಡರು. ಮುಪ್ಪಿನ ಬಗ್ಗೆ ಸಂಶೋಧನೆ ಮಾಡುವವರು ಇಂದಿಗೂ ಅವರ ಸೂತ್ರ ಬಳಸುತ್ತಾರೆ.

ಇಂದಿನ ಲೆಕ್ಕದಂತೆ ಈ ಅಪಾಯ ಸುಮಾರು 8 ವರ್ಷಕ್ಕೊಮ್ಮೆ ಇಮ್ಮಡಿಯಾಗುತ್ತದೆ. ಅಂದರೆ 40ಕ್ಕಿಂತ 80ರಲ್ಲಿ ಸುಮಾರು 32 ಪಟ್ಟು ಹೆಚ್ಚು. ಇದು ದೊಡ್ಡ ಗುಂಪಿನ ಸರಾಸರಿ. ನಿಮ್ಮ ಆಯಸ್ಸು ಎಷ್ಟೆಂದು ಹೇಳುವ ಭವಿಷ್ಯವಲ್ಲ. ಮಕ್ಕಳಿಗೂ ಇದು ಅನ್ವಯಿಸುವುದಿಲ್ಲ.

ಈಗ ಆ ಪುಡಿಯ ವಿಷಯಕ್ಕೆ ಬನ್ನಿ. ಒಂದು ಔಷಧಿ ಎಲ್ಲ ಕಾಯಿಲೆಗಳಿಂದ ಬರುವ ಸಾವಿನ ಅಪಾಯವನ್ನು ಅರ್ಧಕ್ಕೆ ಇಳಿಸಿತು ಎಂದುಕೊಳ್ಳಿ. ಅಷ್ಟು ದೊಡ್ಡ ಪವಾಡ ನಡೆದರೂ ಸಿಗುವುದು ಸುಮಾರು 8 ವರ್ಷ. 20 ವರ್ಷ ಬೇಕೆಂದರೆ ಅಪಾಯ ಐದನೇ ಒಂದು ಭಾಗಕ್ಕಿಂತಲೂ ಕೆಳಗಿಳಿಯಬೇಕು. ಚರ್ಮ ಹೊಳೆದರೆ, ಕೂದಲು ಕಪ್ಪಾದರೆ ಈ ಅಪಾಯ ಇಳಿದಂತಲ್ಲ.

ಮುಂದಿನ ಸಲ ಅಂಥ ಫಾರ್ವರ್ಡ್ ಬಂದರೆ, ಅಪಾಯ ಎಷ್ಟು ಇಳಿಯಿತು, ಎಷ್ಟು ಜನರಲ್ಲಿ ಪರೀಕ್ಷಿಸಿದ್ದಾರೆ ಎಂದು ಕೇಳಿ. ಉತ್ತರ ಇಲ್ಲದಿದ್ದರೆ ಮುಂದೆ ಕಳುಹಿಸಬೇಡಿ.