ಕನ್ನಡದ ಕಣ್ವ ಬಿ.ಎಂ.ಶ್ರೀ.

ಸುವರ್ಣ ಮಹೋತ್ಸವದ ಈ ಸಂಚಿಕೆಯಲ್ಲಿ ಹಳೆಯ ವಿದ್ಯಾರ್ಥಿಗಳು ತಮಗೆ ಪಾಠ ಹೇಳಿದ ಗುರುಗಳನ್ನು ನೆನೆದು ಬರೆಯುತ್ತಿದ್ದಾರೆ. ಇದೇ ಶಾಲೆಯಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದ ನನ್ನನ್ನೂ ಸಮಿತಿಯವರು ಒಂದು ಲೇಖನ ಕೇಳಿದರು. ಗುರುಗಳಿಗೂ ಗುರುಗಳಿರುತ್ತಾರಲ್ಲ, ಅಂಥವರೊಬ್ಬರನ್ನು ನೆನೆಯುವುದು ನನ್ನ ಪಾಲಿಗಿರಲಿ ಎಂದುಕೊಂಡೆ. ಅವರು ಆಚಾರ್ಯ ಬಿ.ಎಂ. ಶ್ರೀಕಂಠಯ್ಯನವರು. ಕನ್ನಡದ ಕಣ್ವ ಎಂದು ನಾಡು ಅವರನ್ನು ಕರೆಯಿತು. ಕಣ್ವ ಋಷಿ ಶಕುಂತಲೆಯನ್ನು ಹೆತ್ತ ತಂದೆಯಲ್ಲ, ಸಾಕಿದ ತಂದೆ. ಬಿ.ಎಂ.ಶ್ರೀ. ವೃತ್ತಿಯಿಂದ ಇಂಗ್ಲಿಷ್ ಮೇಷ್ಟ್ರು. ಹೊಸಗನ್ನಡ ಕಾವ್ಯವನ್ನು ಎತ್ತಿ ಆಡಿಸಿ ಬೆಳೆಸಿದವರು. ಆ ಹೆಸರನ್ನು ಇಟ್ಟವರು ಯೋಚನೆ ಮಾಡಿಯೇ ಇಟ್ಟಿದ್ದಾರೆ.

ಅವರು ಹುಟ್ಟಿದ್ದು 1884ರ ಜನವರಿ 3ರಂದು, ತುಮಕೂರು ಜಿಲ್ಲೆ ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ. ಹೆಸರಿನ ಮುಂದಿರುವ 'ಬಿ' ನಾಗಮಂಗಲ ತಾಲ್ಲೂಕಿನ ಬೆಳ್ಳೂರು, 'ಎಂ' ತಂದೆ ಮೈಲಾರಯ್ಯನವರು. ತಂದೆ ಶ್ರೀರಂಗಪಟ್ಟಣದಲ್ಲಿ ವಕೀಲರಾಗಿದ್ದರು. ಬಾಲ್ಯ ಕಳೆದದ್ದು ಕಾವೇರಿಯ ನಡುವಿನ ಆ ಊರಿನಲ್ಲಿ. ಮುಂದೆ ಮೈಸೂರು, ಬೆಂಗಳೂರಿನ ಸೆಂಟ್ರಲ್ ಕಾಲೇಜು, ಮದರಾಸು ಎಂದು ಓದು ಸಾಗಿತು. ಬಿ.ಎ. ಆಯಿತು, ಬಿ.ಎಲ್. ಆಯಿತು, 1907ರಲ್ಲಿ ಎಂ.ಎ. ಆಯಿತು. ಕಾನೂನು ಓದಿದವರು, ತಂದೆಯಂತೆ ಕರಿಕೋಟು ಹಾಕಬಹುದಿತ್ತು. ಹಾಕಲಿಲ್ಲ. 1909ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿಗೆ ಇಂಗ್ಲಿಷ್ ಅಧ್ಯಾಪಕರಾಗಿ ಬಂದರು.

ಆಗಿನ ಕನ್ನಡದ ಸ್ಥಿತಿಯನ್ನು ಈಗಿನ ಮಕ್ಕಳು ಊಹಿಸುವುದು ಕಷ್ಟ. ಕಾಲೇಜು ಮೆಟ್ಟಿಲು ಹತ್ತಿದವರು ಇಂಗ್ಲಿಷಿನಲ್ಲೇ ಓದಿ, ಇಂಗ್ಲಿಷಿನಲ್ಲೇ ಬರೆದು, ಕನ್ನಡವನ್ನು ಮನೆಯ ಒಳಗೆ ಮಾತ್ರ ಆಡುತ್ತಿದ್ದರು. ಕನ್ನಡ ಪಂಡಿತರು ಹಳಗನ್ನಡ ಕಾವ್ಯಗಳನ್ನು ಜೋಪಾನವಾಗಿ ಕಾಯುತ್ತಿದ್ದರು, ನಿಜ. ಆದರೆ ಇಬ್ಬರಿಗೂ ಮಾತುಕತೆ ಇರಲಿಲ್ಲ. ಕಾಲೇಜಿಗೆ ಸೇರಿದ ಎರಡೇ ವರ್ಷಕ್ಕೆ, 1911ರಲ್ಲಿ, ಬಿ.ಎಂ.ಶ್ರೀ. ಧಾರವಾಡಕ್ಕೆ ಹೋಗಿ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ ಕನ್ನಡ ಮಾತು ತಲೆಯೆತ್ತುವ ಬಗೆ ಹೇಗೆಂದು ಭಾಷಣ ಮಾಡಿದರು. ವಯಸ್ಸು 27. ಧಾರವಾಡ ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು, ಮೈಸೂರು ಮಹಾರಾಜರ ಸೀಮೆ. ಇಂಗ್ಲಿಷ್ ಕಲಿತವರೇ ಕನ್ನಡಕ್ಕೆ ಹಿಂದಿರುಗಬೇಕು, ತಾವು ಅಲ್ಲಿ ಕಂಡದ್ದನ್ನು ಇಲ್ಲಿಗೆ ತರಬೇಕು ಎಂಬುದು ಅವರ ನಿಲುವು. ಆಮೇಲಿನ 35 ವರ್ಷ ಅವರು ಮಾಡಿದ್ದೆಲ್ಲ ಅದೇ ಕೆಲಸ.

ಹೇಳಿದವರು ಮೊದಲು ತಾವೇ ಮಾಡಿ ತೋರಿಸಿದರು. 'ಇಂಗ್ಲಿಷ್ ಗೀತಗಳು' 1921ರಲ್ಲಿ ಚಿಕ್ಕದಾಗಿ ಬಂತು, 1926ರಲ್ಲಿ ಹಿಗ್ಗಿ ಬಂತು. ಬಹುಮಟ್ಟಿಗೆ ಎಲ್ಲವೂ ಇಂಗ್ಲಿಷ್ ಕವಿತೆಗಳ ರೂಪಾಂತರ. ಒಂಬತ್ತು, ಹತ್ತನೇ ತರಗತಿಯಲ್ಲಿ ನನ್ನ ಜೊತೆ ಕಪ್ಪುಹಲಗೆಯ ಮುಂದೆ ಲಘು ಗುರು ಹಾಕಿ ಗಣ ವಿಂಗಡಿಸಿದವರಿಗೆ ಆದಿಪ್ರಾಸ ನೆನಪಿರಬೇಕು: ಪ್ರತಿ ಸಾಲಿನ ಎರಡನೆಯ ಅಕ್ಷರ ಒಂದೇ ವ್ಯಂಜನವಾಗಿರಬೇಕೆಂಬ ಕಟ್ಟು. ಸಾವಿರ ವರ್ಷ ಕನ್ನಡ ಪದ್ಯ ಆ ಕಟ್ಟಿನಲ್ಲೇ ನಡೆದಿತ್ತು. ಮಂಜೇಶ್ವರದ ಗೋವಿಂದ ಪೈಗಳು ಅದನ್ನು ಮೊದಲೇ ಬಿಟ್ಟು ಬರೆದಿದ್ದರು, ಆ ಮಾನ ಅವರಿಗೇ ಸಲ್ಲಬೇಕು. ಬಿ.ಎಂ.ಶ್ರೀ. ಮಾಡಿದ್ದು, ಪ್ರಾಸ ಬಿಟ್ಟ ಮೇಲೆ ಪದ್ಯ ಹೇಗೆಲ್ಲ ಕುಣಿಯಬಹುದು, ಹೇಗೆಲ್ಲ ಅಳಬಹುದು ಎಂದು ಒಂದು ಪುಸ್ತಕದ ತುಂಬ ತೋರಿಸಿಕೊಟ್ಟದ್ದು. ಸ್ಕಾಟ್ಲೆಂಡಿನ ಪಾಳೆಯಗಾರನೊಬ್ಬನ ಮಗಳ ಕಥೆ ಅವರ ಕೈಯಲ್ಲಿ ಕಾರಿಹೆಗ್ಗಡೆಯ ಮಗಳ ಕಥೆಯಾಯಿತು. ಅಲ್ಲಿಯ ಸರೋವರ ಇಲ್ಲಿ ನಮ್ಮ ಕಾಯಲಾಯಿತು. ನಮ್ಮ ಹಿರಿಯ ವಿದ್ಯಾರ್ಥಿಗಳಲ್ಲಿ ಕೆಲವರಿಗೆ ಆ ಪದ್ಯ ಇನ್ನೂ ಬಾಯಿಗೆ ಬರುತ್ತದೆ ಎಂದು ನನಗೆ ಗೊತ್ತು. ಇಂಗ್ಲೆಂಡಿನ ನ್ಯೂಮನ್ 1833ರಲ್ಲಿ ಹಡಗಿನ ಪ್ರಯಾಣದಲ್ಲಿ ಬರೆದ ಪ್ರಾರ್ಥನೆ, ಬೆಳಕನ್ನು ಕರೆಯುವ ಆ ಹಾಡು, ಕನ್ನಡದ್ದಲ್ಲವೆಂದು ಹೇಳಿದರೆ ನಂಬುವವರು ಇವತ್ತಿಗೂ ಕಡಿಮೆ. ನಮ್ಮ ಶಾಲೆಯ ಬೆಳಗಿನ ಪ್ರಾರ್ಥನೆಯಲ್ಲಿ ಎಷ್ಟೋ ವರ್ಷ ಅದನ್ನೂ ಹಾಡಿಸಿದೆವು.

ನನಗನ್ನಿಸುವುದು ಇಷ್ಟು: ಅದು ಕವಿಯ ಪುಸ್ತಕಕ್ಕಿಂತ ಮೇಷ್ಟರ ಪುಸ್ತಕ. ಲೆಕ್ಕದ ಮೇಷ್ಟ್ರು ಹಲಗೆಯ ಮೇಲೆ ಒಂದು ಲೆಕ್ಕ ಮಾಡಿ ತೋರಿಸಿ, ಉಳಿದದ್ದನ್ನು ನೀವು ಮಾಡಿ ಎನ್ನುತ್ತಾರಲ್ಲ, ಹಾಗೆ. ಅವರು ಸ್ವಂತ ಕವಿತೆಗಳನ್ನೂ ಬರೆದರು, ಅವು 'ಹೊಂಗನಸುಗಳು' ಸಂಕಲನದಲ್ಲಿವೆ. ರನ್ನನ ಕಾವ್ಯದಿಂದ 'ಗದಾಯುದ್ಧ ನಾಟಕಂ' ಕಟ್ಟಿದರು. ಗ್ರೀಕರ ಸೋಫೋಕ್ಲಿಸ್ ಬರೆದ ಅಜಾಕ್ಸನ ದುರಂತವನ್ನು ನಮ್ಮ ಮಹಾಭಾರತದ 'ಅಶ್ವತ್ಥಾಮನ್' ಮಾಡಿದರು, ಈಸ್ಕಿಲಸನ 'ಪಾರಸಿಕರು' ತಂದರು. ಆದರೂ ಅಷ್ಟು ದೊಡ್ಡ ವಿದ್ವಾಂಸರು ಬರೆದಿಟ್ಟು ಹೋದದ್ದು ಸ್ವಲ್ಪವೇ. ಉಳಿದ ವೇಳೆ ಎಲ್ಲಿಗೆ ಹೋಯಿತೆಂದು ಹುಡುಕಿದರೆ ಶಿಷ್ಯರ ಹೆಸರುಗಳು ಸಿಗುತ್ತವೆ.

ಎಸ್.ವಿ. ರಂಗಣ್ಣ, ವಿ. ಸೀತಾರಾಮಯ್ಯ, ಎ.ಎನ್. ಮೂರ್ತಿರಾವ್, ಪು.ತಿ.ನ., ತೀ.ನಂ. ಶ್ರೀಕಂಠಯ್ಯ... ಕುವೆಂಪು ಅವರು ಆ ಕಾಲದಲ್ಲಿ ಅದೇ ಕಾಲೇಜಿನಲ್ಲಿ ಓದುತ್ತಿದ್ದವರು. ಇವರೆಲ್ಲ ಬಂದದ್ದು ಇಂಗ್ಲಿಷ್ ಕಲಿಯುವ ಆಸೆಯ ಕಾಲದಲ್ಲಿ, ಹೊರಟದ್ದು ಕನ್ನಡ ಲೇಖಕರಾಗಿ. ಬಿ.ಎಂ.ಶ್ರೀ. 1926ರಿಂದ ಮೈಸೂರು ವಿಶ್ವವಿದ್ಯಾನಿಲಯದ ರಿಜಿಸ್ಟ್ರಾರರಾಗಿದ್ದರು. ಕನ್ನಡ ಎಂ.ಎ. ತರಗತಿ ಅಲ್ಲಿ 1927ರಲ್ಲಿ ತೆರೆಯಿತು. ವಿಶ್ವವಿದ್ಯಾನಿಲಯ ಹುಟ್ಟಿ ಹನ್ನೊಂದು ವರ್ಷದ ಮೇಲೆ, ಕನ್ನಡ ನಾಡಿನಲ್ಲಿ ಕನ್ನಡವನ್ನು ಎಂ.ಎ. ವರೆಗೆ ಓದಬಹುದು ಎಂದಾಯಿತು! ಇವತ್ತು ಕನ್ನಡ ಎಂ.ಎ. ಮಾಡಿ ಮೇಷ್ಟ್ರಾದ ನನ್ನಂಥ ಸಾವಿರಾರು ಜನ ಉಣ್ಣುವ ಅನ್ನಕ್ಕೆ ಆ ಬಾಗಿಲು ತೆರೆದದ್ದೇ ಮೂಲ.

1928ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. 1930ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ಬಂದು, ನಿವೃತ್ತಿಯವರೆಗೆ ಅಲ್ಲಿ ಪಾಠ ಹೇಳಿದರು. ನಾಲ್ವಡಿ ಕೃಷ್ಣರಾಜ ಒಡೆಯರು ರಾಜಸೇವಾಸಕ್ತ ಎಂಬ ಬಿರುದು ಕೊಟ್ಟರು. ಸಾಹಿತ್ಯ ಪರಿಷತ್ತಿನ ಉಪಾಧ್ಯಕ್ಷರಾಗಿ ದುಡಿದರು. ಇವೆಲ್ಲ ಪರಿಚಯಪತ್ರದಲ್ಲಿ ಬರುವ ಸಂಗತಿಗಳು.

ನನಗೆ ಮುಖ್ಯವಾಗಿ ಕಾಣುವುದು 1941. ಆ ವರ್ಷ ಶಿಷ್ಯರೂ ಸ್ನೇಹಿತರೂ ಸೇರಿ ಗುರುಗಳಿಗೆ ಒಂದು ಗ್ರಂಥ ಒಪ್ಪಿಸಿದರು. ಅದಕ್ಕೆ ಇಟ್ಟ ಹೆಸರು 'ಸಂಭಾವನೆ'. ನಮ್ಮ ಹಳ್ಳಿಯ ಕಡೆ ಮದುವೆ, ಗೃಹಪ್ರವೇಶ ಮುಗಿದ ಮೇಲೆ ಎಲೆ ಅಡಿಕೆಯಲ್ಲಿಟ್ಟು ಕೊಡುವುದೂ ಸಂಭಾವನೆಯೇ. ದುಡ್ಡಿನ ಬದಲು ಆ ಶಿಷ್ಯರು ತಟ್ಟೆಯಲ್ಲಿಟ್ಟದ್ದು ತಮ್ಮ ಬರವಣಿಗೆಯನ್ನು. ಕನ್ನಡದಲ್ಲಿ ಅಭಿನಂದನ ಗ್ರಂಥಗಳ ದೊಡ್ಡ ಸಾಲೇ ಆಮೇಲೆ ಬಂತು. ಈಗ ನಿಮ್ಮ ಕೈಯಲ್ಲಿರುವ ಈ ಸಂಚಿಕೆಯನ್ನೂ, ಎಷ್ಟೇ ಚಿಕ್ಕದಾದರೂ, ನಾನು ಆ ಸಾಲಿನ ಕೊನೆಯಲ್ಲಿ ನಿಲ್ಲಿಸುತ್ತೇನೆ.

ಊರಿನ ತಂದೆತಾಯಂದಿರು ದಾರಿಯಲ್ಲಿ ಸಿಕ್ಕಿದಾಗ ಕೇಳುವುದುಂಟು: ಮೇಷ್ಟ್ರೇ, ಮಗುವನ್ನು ಇಂಗ್ಲಿಷಿಗೆ ಹಾಕಲೋ ಕನ್ನಡಕ್ಕೆ ಹಾಕಲೋ? ಅವರ ಆತಂಕ ಸುಳ್ಳಲ್ಲ, ಹೊಟ್ಟೆಪಾಡಿನ ಪ್ರಶ್ನೆ ಅದು. ಆಗೆಲ್ಲ ನನಗೆ ನೆನಪಾಗುವುದು ಈ ಪೇಟದ ಇಂಗ್ಲಿಷ್ ಪ್ರೊಫೆಸರು. ಇಂಗ್ಲಿಷನ್ನು ಅವರು ಹಗೆ ಎಂದುಕೊಳ್ಳಲಿಲ್ಲ, ಯಜಮಾನ ಎಂದೂ ಎಂದುಕೊಳ್ಳಲಿಲ್ಲ. ಅವರ ಶಿಷ್ಯ ತೀ.ನಂ.ಶ್ರೀ. ಬರೆದ 'ಕನ್ನಡ ಮಧ್ಯಮ ವ್ಯಾಕರಣ' ನನ್ನ ಮೇಜಿನ ಮೇಲೆ ವರ್ಷಗಟ್ಟಲೆ ಇತ್ತು. ನಿಮಗೆ ಸಂಧಿ, ಸಮಾಸ ಹೇಳಿಕೊಟ್ಟದ್ದು ಅದನ್ನು ನೋಡಿಕೊಂಡೇ. ಬಿ.ಎಂ.ಶ್ರೀ. ಹೆಸರು ಕೇಳದವರೂ ಹಾಗೆ ಅವರ ಶಿಷ್ಯಪರಂಪರೆಗೆ ಸೇರಿದವರೇ.

ನಿವೃತ್ತಿಯಾದ ಮೇಲೆ ಮನೆಯಲ್ಲಿ ಕೂರುವ ವಯಸ್ಸು. 1944ರಲ್ಲಿ, ಅರವತ್ತು ತುಂಬಿದಾಗ, ಅವರು ಧಾರವಾಡಕ್ಕೆ ಹೊರಟರು. ಅಲ್ಲಿ ಕೆ.ಇ. ಬೋರ್ಡಿನವರ ಹೊಸ ಕಾಲೇಜಿಗೆ ಪ್ರಿನ್ಸಿಪಾಲರಾದರು. ಯುವಕನಾಗಿ ಭಾಷಣ ಮಾಡಿದ್ದ ಊರಿಗೆ, ಕರ್ನಾಟಕ ಇನ್ನೂ ಒಂದಾಗದ ಕಾಲದಲ್ಲಿ, ಮತ್ತೆ ಪಾಠ ಹೇಳಲು ಹೋದರು. ಅಲ್ಲಿಯೇ 1946ರ ಜನವರಿ 5ರಂದು ತೀರಿಕೊಂಡರು. 62 ತುಂಬಿ ಎರಡು ದಿನವಾಗಿತ್ತು.

ಶಿಷ್ಯರು ಗುರುಗಳ ನೆರಳಾಗಲಿಲ್ಲ ಎಂಬುದನ್ನೂ ಹೇಳಬೇಕು. ಮೂರ್ತಿರಾಯರನ್ನೇ ನೋಡಿ. ಬೆಳಕಿನ ಪ್ರಾರ್ಥನೆಯನ್ನು ಕನ್ನಡಕ್ಕೆ ತಂದ ಗುರುವಿನ ಈ ಶಿಷ್ಯರು, ತೊಂಬತ್ತರ ಹೊಸ್ತಿಲು ದಾಟಿದ ಮೇಲೆ, ದೇವರನ್ನು ಒಪ್ಪದೆ 'ದೇವರು' ಎಂಬ ಪುಸ್ತಕ ಬರೆದರು. ಗುರುಗಳ ಜೀವನವನ್ನು ಕುರಿತು ಪುಸ್ತಕ ಬರೆದವರೂ ಅವರೇ. ನೂರು ದಾಟಿ ಬದುಕಿ, 2003ರಲ್ಲಿ ತೀರಿಕೊಂಡರು. ಆ ಹೊತ್ತಿಗೆ ಗುರುಗಳು ಹೋಗಿ 57 ವರ್ಷವಾಗಿತ್ತು.