ಆಂಜೆಲೊ ಡ ಫೊನ್ಸೆಕಾ: ಕಾಗದ, ನೀರು, ಬಣ್ಣ

ಗೋವೆಯ ಮಾಂಡೋವಿ ನದಿಯ ನಡುಗಡ್ಡೆಯಾದ ಸಾಂತ್ ಎಸ್ತೆವಾಂನಲ್ಲಿ 1902ರಲ್ಲಿ ಆಂಜೆಲೊ ಡ ಫೊನ್ಸೆಕಾ ಜನಿಸಿದರು. ಕ್ಯಾಥೊಲಿಕ್ ಮನೆತನದ ಈ ತರುಣ ವೈದ್ಯಶಿಕ್ಷಣವನ್ನು ತೊರೆದು ಮುಂಬಯಿಯ ಜೆ.ಜೆ. ಕಲಾಶಾಲೆಯನ್ನು ಸೇರಿದರು. 1857ರಲ್ಲಿ ಸ್ಥಾಪಿತವಾದ ಆ ಶಾಲೆಯ ಅಭ್ಯಾಸಕ್ರಮ ಯುರೋಪಿನದು: ಸುಣ್ಣದಚ್ಚಿನ ಪ್ರತಿಮೆಗಳನ್ನು ಇದ್ದಿಲಿನಿಂದ ಬಿಡಿಸುವುದು, ನೆರಳುಬೆಳಕನ್ನು ಸಾಧಿಸುವುದು, ಕ್ಯಾನ್‌ವಾಸಿನ ಮೇಲೆ ತೈಲವರ್ಣ ಬಳಸುವುದು. ತಮ್ಮ ನಾಡಿನ ಚಹರೆಯನ್ನು ಅರಸುತ್ತಿದ್ದ ಫೊನ್ಸೆಕಾ ಅವರಿಗೆ ಅದು ಸಾಲದಾಯಿತು. ಅವರು ಬಂಗಾಳದ ಹಾದಿ ಹಿಡಿದರು.

ಶಾಂತಿನಿಕೇತನದಲ್ಲಿ ಅವನೀಂದ್ರನಾಥ ಠಾಕೂರ್ ಮತ್ತು ನಂದಲಾಲ್ ಬೋಸ್ ಅವರ ಮಾರ್ಗದರ್ಶನ ದೊರೆಯಿತು. ಮೈಸೂರಿನ ಕೆ. ವೆಂಕಟಪ್ಪನವರೂ ಕೆಲವು ವರ್ಷಗಳ ಮುನ್ನ ಕಲಕತ್ತೆಯಲ್ಲಿ ಅವನೀಂದ್ರನಾಥರ ಶಿಷ್ಯರಾಗಿದ್ದವರೇ. 1903ರಲ್ಲಿ ಕಲಕತ್ತೆಗೆ ಬಂದಿದ್ದ ಜಪಾನಿನ ಕಲಾವಿದರಾದ ಯೊಕೊಯಾಮಾ ತೈಕಾನ್ ಮತ್ತು ಹಿಶಿದಾ ಶುನ್ಸೊ ಅವರ ಕೆಲಸವನ್ನು ಕಂಡು ಅವನೀಂದ್ರನಾಥರು 'ವಾಷ್' ಪದ್ಧತಿಯನ್ನು ರೂಪಿಸಿದ್ದರು. ಗಟ್ಟಿಯಾದ ಕಾಗದದ ಮೇಲೆ ಪೆನ್ಸಿಲ್ಲಿನಿಂದ ರೇಖೆ ಎಳೆದು ತೆಳುವಾದ ಜಲವರ್ಣ ತುಂಬುತ್ತಾರೆ. ಅದು ಒಣಗಿದ ಮೇಲೆ ಕಾಗದವನ್ನೇ ನೀರಿನಲ್ಲಿ ಅದ್ದುತ್ತಾರೆ. ಹೆಚ್ಚಿನ ಬಣ್ಣ ತೊಳೆದುಹೋಗಿ, ಕಾಗದ ಹೀರಿಕೊಂಡಷ್ಟು ಮಾತ್ರ ಉಳಿಯುತ್ತದೆ. ಅಗಲವಾದ ಕುಂಚದಿಂದ ಮತ್ತೊಂದು ತಿಳಿಬಣ್ಣವನ್ನು ಹಾಯಿಸಿ, ಇದನ್ನೇ ಹಲವು ಸಲ ಮಾಡಿ, ಕೊನೆಗೆ ಸಣ್ಣ ಕುಂಚದಿಂದ ರೇಖೆಗಳನ್ನು ತಿದ್ದುತ್ತಾರೆ. ತೈಲವರ್ಣದಲ್ಲಿ ತಪ್ಪಿದ್ದನ್ನು ಮೇಲಿನ ಪದರ ಮುಚ್ಚೀತು. ಇಲ್ಲಿ ಅಡಿಯ ಪದರ ಮೇಲಿನದರೊಳಗಿಂದ ಕಾಣುತ್ತಲೇ ಇರುತ್ತದೆ. ಚಿತ್ರದ ಬೆಳಕು ಕಾಗದದ ಬಿಳುಪಿನಿಂದಲೇ ಹೊಮ್ಮಬೇಕು.

ಈ ವಿದ್ಯೆಯೊಡನೆ ಫೊನ್ಸೆಕಾ ಗೋವೆಗೆ ಮರಳಿ, ಮರಿಯಮ್ಮನನ್ನು ಸೀರೆಯುಟ್ಟ ಭಾರತೀಯ ತಾಯಿಯಾಗಿ ಚಿತ್ರಿಸಿದರು. ಪೋರ್ಚುಗೀಸ್ ಆಳ್ವಿಕೆಯ ಗೋವೆಯಲ್ಲಿ ಯುರೋಪಿನ ಬಿಳಿಯ ಮುಖದ ಪ್ರತಿಮೆಗಳಿಗೆ ಒಗ್ಗಿದ್ದ ಸಮಾಜ ಅದನ್ನು ಅಪಚಾರವೆಂದು ಬಗೆಯಿತು. ವಿರೋಧ ತೀವ್ರವಾದಾಗ ಅವರು ಹುಟ್ಟೂರನ್ನು ಬಿಟ್ಟು ಪುಣೆಯ ಕ್ರಿಸ್ತ ಪ್ರೇಮ ಸೇವಾ ಆಶ್ರಮದಲ್ಲಿ ನೆಲೆ ಕಂಡರು. ಆಶ್ರಮ ಆಂಗ್ಲಿಕನ್ ಪಂಥದ್ದು, ಚಿತ್ರಕಾರರು ಕ್ಯಾಥೊಲಿಕ್. ಆದರೂ ಅಲ್ಲಿ ಅವರ ಕುಂಚಕ್ಕೆ ತಡೆಯಿರಲಿಲ್ಲ. ದಶಕಗಳ ಕಾಲ ಮುಖ್ಯವಾಗಿ ಜಲವರ್ಣದಲ್ಲಿ ಬೈಬಲ್ಲಿನ ಕಥನಗಳಿಗೆ ಈ ನೆಲದ ಉಡುಗೆ, ಮುಖಭಾವಗಳನ್ನು ಕೊಟ್ಟರು. ಗೋವೆ 1961ರಲ್ಲಿ ವಿಮೋಚನೆಗೊಂಡ ಬಳಿಕವೂ ಪುಣೆಯೇ ಅವರ ಮನೆಯಾಗಿತ್ತು. 1967ರಲ್ಲಿ ಅವರು ನಿಧನರಾದರು.

ಕನ್ನಡ ಕಾವ್ಯಪರಂಪರೆಯಲ್ಲಿ ಮಾರ್ಗ-ದೇಸಿಗಳ ಚರ್ಚೆಯನ್ನು ಓದುವ ವಿದ್ಯಾರ್ಥಿಗಳಿಗೆ ಈ ಬದುಕು ಅಪರಿಚಿತವೆನಿಸದು. ಹೊರಗಿನಿಂದ ಬಂದ ಕಥೆಯನ್ನು ತನ್ನ ನುಡಿಗೆ ಒಗ್ಗಿಸುವ ಕವಿಯಂತೆಯೇ ಈ ಚಿತ್ರಕಾರರೂ ನಡೆದರು. ಕವಿಗೆ ಛಂದಸ್ಸು ಹೇಗೋ ಇವರಿಗೆ ಕಾಗದ, ಕುಂಚ, ನೀರು ಹಾಗೆ. ಅವರ ಕಾಲಾನಂತರ ಪತ್ನಿ ಐವಿ ಅವರು ಜೋಪಾನ ಮಾಡಿದ್ದ ಚಿತ್ರಗಳನ್ನು ಗೋವೆಯ ಪರ್ವರಿಯ ಝೇವಿಯರ್ ಇತಿಹಾಸ ಸಂಶೋಧನ ಕೇಂದ್ರಕ್ಕೆ ಒಪ್ಪಿಸಿದರು. ಕಲಾವಿದನನ್ನು ಹೊರಗಟ್ಟಿದ ನೆಲದಲ್ಲಿಯೇ ಆ ಕಾಗದಗಳು ಈಗ ಸುರಕ್ಷಿತವಾಗಿವೆ.