ಅಜ್ಜನ ಜಮೀನಿನಲ್ಲಿ ಹುಡುಗ, ಶಾಲೆಯಲ್ಲಿ ಹುಡುಗಿ: ಎಕ್ಸ್‌ರೇ ವೈದ್ಯ ಅಲನ್ ಹಾರ್ಟ್ ಬದುಕಿದ ಬಗೆ

ಹೆಣ್ಣಾಗಿ ಹುಟ್ಟಿದ ಮಗು ತಾನು ಹುಡುಗ ಅಂತ ಹೇಳಿದರೆ ಅದಕ್ಕೆ ಮೊಬೈಲು, ಇನ್‌ಸ್ಟಾಗ್ರಾಂ ಮತ್ತು ವಿದೇಶಿ ವೆಬ್ ಸೀರೀಸ್‌ಗಳೇ ಕಾರಣ ಎನ್ನುವ ಮೆಸೇಜ್ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಕೆಲವು ಮೆಸೇಜ್‌ಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಚಿಕ್ಕಂದಿನಲ್ಲೇ ನಾಲ್ಕು ಏಟು ಕೊಟ್ಟಿದ್ದರೆ ಎಲ್ಲ ಸರಿಹೋಗುತ್ತಿತ್ತು ಎಂದು ತಂದೆ ತಾಯಿಗೆ ಬುದ್ಧಿ ಹೇಳುತ್ತವೆ. ಇಂಥದ್ದನ್ನು ನಮಗೆ ಕಳಿಸಿ, ಇದು ನಿಜಾನಾ ಎಂದು ಕೇಳುವವರಿಗೆ ನಾವು ಇವತ್ತು ಒಬ್ಬ ಡಾಕ್ಟರ ಕಥೆ ಹೇಳುತ್ತೇವೆ. ಇವರು ಹುಟ್ಟಿದ್ದು 1890ರಲ್ಲಿ. ಆಗ ಮೊಬೈಲ್ ಹಾಗಿರಲಿ, ರೇಡಿಯೋ ಪ್ರಸಾರವೂ ಇರಲಿಲ್ಲ. ಮುಂದೆ ಇವರ ಬದುಕನ್ನೇ ರೂಪಿಸಿದ ಎಕ್ಸ್‌ರೇ ಕಿರಣವನ್ನು ಜರ್ಮನಿಯ ರಾಂಟ್ಜೆನ್ ಪತ್ತೆ ಮಾಡಿದ್ದು ಅದಾಗಿ ಐದು ವರ್ಷಕ್ಕೆ.

ಇವರ ಹೆಸರು ಅಲನ್ ಹಾರ್ಟ್. ಹುಟ್ಟಿದಾಗ ಇಟ್ಟದ್ದು ಹೆಣ್ಣುಮಗುವಿನ ಹೆಸರು. ಅದನ್ನು ಇಲ್ಲಿ ಬರೆಯುವ ಅಗತ್ಯ ನಮಗೆ ಕಾಣುವುದಿಲ್ಲ, ಏಕೆಂದರೆ ಅವರೇ ಅದನ್ನು ಬಿಟ್ಟು 40 ವರ್ಷಕ್ಕೂ ಹೆಚ್ಚು ಕಾಲ ಬದುಕಿದರು.

ಅಜ್ಜನ ಮನೆ

ಹಾರ್ಟ್ ಹುಟ್ಟಿದ್ದು ಅಮೆರಿಕದ ಕ್ಯಾನ್ಸಸ್ ರಾಜ್ಯದ ಹಾಲ್ಸ್ ಸಮಿಟ್ ಎಂಬ ಊರಲ್ಲಿ. ಮಗುವಿಗೆ ಎರಡು ವರ್ಷ ತುಂಬುವ ಆಸುಪಾಸಿನಲ್ಲೇ, 1892ರಲ್ಲಿ, ತಂದೆ ಟೈಫಾಯ್ಡ್ ಬಂದು ತೀರಿಕೊಂಡರು. (ಟೈಫಾಯ್ಡ್‌ಗೆ ಆಗ ಔಷಧಿಯೇ ಇರಲಿಲ್ಲ. ಆ್ಯಂಟಿಬಯೋಟಿಕ್ ಸಿಗಲು ಇನ್ನೂ ಅರ್ಧ ಶತಮಾನ ಕಾಯಬೇಕಿತ್ತು.) ತಾಯಿ ಎಡ್ನಾ ಮಗುವನ್ನು ಕಟ್ಟಿಕೊಂಡು ಒರೆಗಾನ್ ರಾಜ್ಯಕ್ಕೆ, ತನ್ನ ತವರಿನ ಕಡೆಗೆ ಬಂದರು. ಕೆಲವು ವರ್ಷದ ನಂತರ ಮರುಮದುವೆಯಾದರು. ಸಂಸಾರ ನಡೆದದ್ದು ಅಜ್ಜನ ಜಮೀನಿನಲ್ಲೇ.

ಆ ಜಮೀನಿನಲ್ಲಿ ಮಗು ಹುಡುಗನ ಬಟ್ಟೆ ಹಾಕಿಕೊಂಡು ಓಡಾಡುತ್ತಿತ್ತು. ಅಡುಗೆಮನೆ ಕೆಲಸ, ಗೊಂಬೆ ಯಾವುದೂ ಬೇಡ. ಗಂಡಸರ ಜೊತೆ ಹೊಲದ ಕೆಲಸಕ್ಕೆ ಹೋಗಬೇಕು, ಇಲ್ಲವೇ ಡಾಕ್ಟರ್ ಆಟ ಆಡಬೇಕು. ಅಜ್ಜ ತಾನೇ ಕೂತು ಗಂಡುಹುಡುಗರು ಆಡುವ ಆಟಿಕೆಗಳನ್ನು ಮಾಡಿಕೊಟ್ಟರು. ಅಜ್ಜಿಯೂ ತಡೆಯಲಿಲ್ಲ. ತಾಯಿಗೆ ಮಾತ್ರ ಮಗುವಿನ ಈ ಆಸೆ ಒಂದು ಹುಚ್ಚು ಎನಿಸುತ್ತಿತ್ತು. ಹಾಗೆಂದು ಆಕೆ ಬಟ್ಟೆ ಕಿತ್ತು ಬಿಸಾಡಲಿಲ್ಲ, ಹೊಡೆಯಲೂ ಇಲ್ಲ. ಒಪ್ಪಿಗೆ ಇಲ್ಲದಿದ್ದರೂ ಅವಕಾಶ ಕೊಟ್ಟರು. ಇಡೀ ಕಥೆಯಲ್ಲಿ ನಮಗೆ ತುಂಬ ಪರಿಚಿತ ಎನಿಸಿದ್ದು ಈ ತಾಯಿಯೇ. ನಮ್ಮ ಸುತ್ತ ಇಂಥ ತಾಯಂದಿರು ಎಷ್ಟೋ ಜನ ಇದ್ದಾರೆ: ಅರ್ಥ ಆಗುವುದಿಲ್ಲ, ಜನ ಏನಂತಾರೋ ಎಂಬ ಭಯ ಹೋಗುವುದಿಲ್ಲ, ಆದರೂ ಮಗುವಿನ ಕೈ ಬಿಡುವುದಿಲ್ಲ.

ಆ ವಯಸ್ಸಿನ ಒಂದು ಘಟನೆ ಇದೆ. ಸೌದೆ ಒಡೆಯುವ ಕೊಡಲಿ ತಾಗಿ ಹಾರ್ಟ್ ಬೆರಳ ತುದಿ ಕತ್ತರಿಸಿಹೋಯಿತು. ಮಗು ಮನೆಯವರಿಗೆ ಏನೂ ಹೇಳದೆ ತಾನೇ ಗಾಯಕ್ಕೆ ಬಟ್ಟೆ ಕಟ್ಟಿಕೊಂಡಿತು. ಮುಂದೆ ಡಾಕ್ಟರಾದ ಮಗು ಎಂದು ಇದನ್ನು ಮೆಚ್ಚಿಕೊಳ್ಳಬಹುದು. ನೋವನ್ನು ಮನೆಯವರಿಂದ ಮುಚ್ಚಿಡಲು ಕಲಿತ ಮಗು ಎಂದೂ ನೋಡಬಹುದು.

ಪೇಟೆಗೆ ಬಂದ ಮೇಲೆ

ಹಾರ್ಟ್‌ಗೆ 12 ವರ್ಷವಾದಾಗ ಕುಟುಂಬ ಆಲ್ಬನಿ ಎಂಬ ಪಟ್ಟಣಕ್ಕೆ ಬಂತು. ಇಲ್ಲಿ ಶಾಲೆ ಇತ್ತು, ಅಕ್ಕಪಕ್ಕದ ಕಣ್ಣುಗಳಿದ್ದವು. ಶಾಲೆಗೆ ಹೋಗಬೇಕಾದರೆ ಹುಡುಗಿಯರ ಉಡುಪು ತೊಡಲೇಬೇಕಾಯಿತು. ಅಂದರೆ ಮೈ ಬದಲಾಗುವ, ಮನಸ್ಸು ಹಣ್ಣಾಗುವ ಆ ವಯಸ್ಸಿನಲ್ಲೇ ಮಗುವಿನ ಬದುಕು ಎರಡು ಹೋಳಾಯಿತು. ಪಟ್ಟಣದಲ್ಲಿ ಲಂಗ, ರಜೆ ಬಂದರೆ ಅಜ್ಜನ ಜಮೀನಿನಲ್ಲಿ ಪ್ಯಾಂಟು.

ಅಜ್ಜನ ಮನೆಯ ಬಾಗಿಲು ಮಾತ್ರ ಒಮ್ಮೆಯೂ ಮುಚ್ಚಲಿಲ್ಲ. ಶಾಲೆಯಲ್ಲೂ ಒಂದು ಸಣ್ಣ ಕಿಂಡಿ ಸಿಕ್ಕಿತು. ಹಾರ್ಟ್ ತನ್ನ ಬರಹಗಳಿಗೆ ರಾಬರ್ಟ್ ಅಲನ್ ಬ್ಯಾಂಫೋರ್ಡ್ ಜೂನಿಯರ್ ಎಂದು ಗಂಡಸಿನ ಹೆಸರು ಹಾಕಿಕೊಳ್ಳುತ್ತಿದ್ದರು. ಬ್ಯಾಂಫೋರ್ಡ್ ಎಂಬುದು ತಾಯಿಯ ತವರಿನ ಮನೆತನದ ಹೆಸರು. ಕಾವ್ಯನಾಮ ಇಟ್ಟುಕೊಳ್ಳುವುದು ಆಗ ಮಾಮೂಲಾಗಿದ್ದರಿಂದ ಮೇಷ್ಟ್ರುಗಳೂ ಸಹಪಾಠಿಗಳೂ ಅದನ್ನು ದೊಡ್ಡದು ಮಾಡಲಿಲ್ಲ. ಸ್ಥಳೀಯ ಪತ್ರಿಕೆಯಲ್ಲೂ ಅದೇ ಹೆಸರಲ್ಲಿ ಬರಹಗಳು ಅಚ್ಚಾದವು.

ಇಲ್ಲಿ ಒಂದು ಮಾತು ಸ್ಪಷ್ಟ ಮಾಡಬೇಕು. ಕೂದಲು ಕತ್ತರಿಸಿಕೊಂಡ, ಕ್ರಿಕೆಟ್ ಆಡುವ ಹುಡುಗಿಯರೆಲ್ಲ ಟ್ರಾನ್ಸ್‌ಜೆಂಡರ್ ಅಲ್ಲ. ರಂಗೋಲಿ ಹಾಕುವ ಹುಡುಗನೂ ಅಲ್ಲ. ಹಾರ್ಟ್ ವಿಷಯದಲ್ಲಿ ಬೇರೆಯಾಗಿದ್ದದ್ದು ಇಷ್ಟ: ಬುದ್ಧಿ ಬಂದಾಗಿನಿಂದ ಸಾಯುವವರೆಗೆ, ಹೊಗಳಿದರೂ ಬೈದರೂ, ತಾನು ಗಂಡು ಎಂಬ ಅವರ ಅರಿವು ಬದಲಾಗಲಿಲ್ಲ.

ಡಾಕ್ಟರಿಗೇ ಡಾಕ್ಟರು

ಆಲ್ಬನಿ ಕಾಲೇಜು, ಸ್ಟಾನ್‌ಫರ್ಡ್, ಆಮೇಲೆ ಪೋರ್ಟ್‌ಲ್ಯಾಂಡ್‌ನಲ್ಲಿದ್ದ ಒರೆಗಾನ್ ವಿಶ್ವವಿದ್ಯಾಲಯದ ವೈದ್ಯಕೀಯ ವಿಭಾಗ. 1917ರಲ್ಲಿ ಹಾರ್ಟ್ ಎಂ.ಡಿ. ಮುಗಿಸಿದಾಗ ಅತಿ ಹೆಚ್ಚು ಅಂಕಕ್ಕೆ ಕೊಡುವ ಪದಕವೂ ಅವರಿಗೇ ಬಂತು. ಆದರೆ ಪದವಿ ಪತ್ರದಲ್ಲಿ ಹೆಣ್ಣಿನ ಹೆಸರಿತ್ತು. ಗಂಡಸಾಗಿ ಬದುಕಲು ಹೊರಟವರಿಗೆ ಆ ಕಾಗದ ತೋರಿಸಿ ಕೆಲಸ ಕೇಳುವುದಾದರೂ ಹೇಗೆ?

ಅದೇ ವರ್ಷ ಅವರು ಪೋರ್ಟ್‌ಲ್ಯಾಂಡ್‌ನ ಮನೋವೈದ್ಯ ಜೆ. ಅಲನ್ ಗಿಲ್ಬರ್ಟ್ ಬಳಿ ಹೋದರು. ಗಿಲ್ಬರ್ಟ್ ಮೊದಲು ಮಾಡಿದ್ದು ಆ ಕಾಲದ ಡಾಕ್ಟರು ಮಾಡುವಂಥದ್ದೇ: ಹಿಪ್ನಾಟಿಸಂ ಮೂಲಕ ಹಾರ್ಟ್ ಮನಸ್ಸನ್ನು ಹೆಣ್ಣಿನ ಕಡೆ ತಿರುಗಿಸಲು ನೋಡಿದರು. ಅದು ಫಲಿಸಲಿಲ್ಲ. ಕೊನೆಗೆ ಈ ರೋಗಿ ಹುಚ್ಚರಲ್ಲ, ಬಹಳ ಬುದ್ಧಿವಂತರು, ತನ್ನನ್ನು ಗಂಡಾಗಿಯಲ್ಲದೆ ಬೇರೆ ರೀತಿ ಕಂಡೇ ಇಲ್ಲ ಎಂಬುದನ್ನು ಗಿಲ್ಬರ್ಟ್ ಒಪ್ಪಿಕೊಂಡರು. ಹಾರ್ಟ್ ಗರ್ಭಕೋಶ ತೆಗೆಸುವ ಆಪರೇಷನ್ ಮಾಡಿಸಿಕೊಂಡರು, ಕೂದಲು ಕತ್ತರಿಸಿದರು, ಅಲನ್ ಆದರು. ಗಿಲ್ಬರ್ಟ್ ಈ ಪ್ರಕರಣವನ್ನು 1920ರಲ್ಲಿ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ರೋಗಿಯ ಹೆಸರು ಹೇಳದೆ ಪ್ರಕಟಿಸಿದರು.

ಆಪರೇಷನ್‌ಗೆ ಡಾಕ್ಟರನ್ನು ಒಪ್ಪಿಸಲು ಹಾರ್ಟ್ ಕೊಟ್ಟ ಕಾರಣಗಳಲ್ಲಿ ಒಂದು ಇವತ್ತು ಓದಿದರೆ ಕಸಿವಿಸಿ ಆಗುತ್ತದೆ. ತನ್ನಂಥವರಿಗೆ ಮಕ್ಕಳಾಗಬಾರದು ಎಂಬ ವಾದ ಅದು. ಸರಿಯಿಲ್ಲದವರು ಎಂದು ಹಣೆಪಟ್ಟಿ ಕಟ್ಟಿ ಜನರ ಸಂತಾನ ತಡೆಯುವ ಕ್ರೂರ ಯೋಚನೆಗೆ ಆಗ ಅಮೆರಿಕದಲ್ಲಿ ದೊಡ್ಡ ಬೆಂಬಲವಿತ್ತು. ಹಾರ್ಟ್ ಅದನ್ನೇ ಹಿಡಿದುಕೊಂಡರು. ನಾವು ಇದನ್ನು ಸಮರ್ಥಿಸುವುದಿಲ್ಲ, ಮುಚ್ಚಿಡುವುದೂ ಇಲ್ಲ.

ಒಂದು ವಿಷಯ ಗಮನಿಸಿ. ಆಪರೇಷನ್ ಆದಾಗ ಅವರಿಗೆ 27ರ ಆಸುಪಾಸು. ಚಿಕ್ಕ ವಯಸ್ಸಿನಲ್ಲಿ ಮನೆಯವರು ಕೊಟ್ಟದ್ದು ಬಟ್ಟೆ, ಆಟಿಕೆ, ರಜೆಯ ನಾಲ್ಕು ದಿನ. ಟ್ರಾನ್ಸ್ ಮಗುವನ್ನು ಒಪ್ಪಿಕೊಳ್ಳುವುದು ಎಂದರೆ ನಾಳೆಯೇ ಆಪರೇಷನ್ ಥಿಯೇಟರಿಗೆ ಕರೆದುಕೊಂಡು ಹೋಗುವುದು ಎಂದು ಹೆದರಿಸುವ ಫಾರ್ವರ್ಡ್‌ಗಳು ಈ ವ್ಯತ್ಯಾಸ ಹೇಳುವುದೇ ಇಲ್ಲ.

ಊರೂರು ಅಲೆದಾಟ

1918ರಲ್ಲಿ ಹಾರ್ಟ್ ಐನೆಜ್ ಸ್ಟಾರ್ಕ್ ಎಂಬ ಶಿಕ್ಷಕಿಯನ್ನು ಮದುವೆಯಾದರು. ಸ್ಯಾನ್ ಫ್ರಾನ್ಸಿಸ್ಕೋದ ಆಸ್ಪತ್ರೆಯೊಂದರಲ್ಲಿ ಕೆಲಸಕ್ಕಿದ್ದಾಗ ಸ್ಟಾನ್‌ಫರ್ಡ್ ಕಾಲದ ಪರಿಚಯದವರೊಬ್ಬರು ಗುರುತು ಹಿಡಿದರು. ಸುದ್ದಿ ಪತ್ರಿಕೆಗೆ ಹೋಯಿತು, ಕೆಲಸ ಬಿಡಬೇಕಾಯಿತು. ಆಗ ಹಾರ್ಟ್ ತನ್ನೂರಿನ ಪತ್ರಿಕೆಯ ಮುಂದೆ ನಿಂತು, ತಾನು ಈಗಿನಷ್ಟು ಸುಖವಾಗಿ ಎಂದೂ ಇರಲಿಲ್ಲ, ಮುಚ್ಚಿಡುವಂಥದ್ದು ಏನೂ ಮಾಡಿಲ್ಲ ಎಂಬರ್ಥದಲ್ಲಿ ಹೇಳಿಕೊಂಡರು. 1918ರಲ್ಲಿ ಅದಕ್ಕೆ ಎಂಥ ಗುಂಡಿಗೆ ಬೇಕಿತ್ತು!

ಆಮೇಲೆ ಶುರುವಾದದ್ದು ಅಲೆದಾಟ. ಒಂದು ಊರಲ್ಲಿ ಕೆಲಸ ಹಿಡಿಯುವುದು, ಗುಟ್ಟು ಬಯಲಾಗುವ ಭಯ, ಮತ್ತೊಂದು ಊರು. ಈ ಒತ್ತಡ ಮೊದಲ ಮದುವೆಯನ್ನು ತಿಂದುಹಾಕಿತು. ಐನೆಜ್ ಬಿಟ್ಟುಹೋದರು, 1925ರಲ್ಲಿ ವಿಚ್ಛೇದನವಾಯಿತು. ಅದೇ ವರ್ಷ ಎಡ್ನಾ ರಡಿಕ್ ಅವರನ್ನು ಮದುವೆಯಾದರು. ತಾಯಿಯ ಹೆಸರೇ ಹೆಂಡತಿಯದ್ದೂ. ಈ ಎಡ್ನಾ ಕೊನೆಯವರೆಗೂ, 37 ವರ್ಷ, ಜೊತೆಗಿದ್ದರು.

ಈ ಮಧ್ಯೆ ಅಜ್ಜ ಅಜ್ಜಿ ತೀರಿಹೋದರು, ಒಬ್ಬರು 1921ರಲ್ಲಿ, ಮತ್ತೊಬ್ಬರು 1924ರಲ್ಲಿ. ಪತ್ರಿಕೆಯಲ್ಲಿ ಬಂದ ಎರಡೂ ನಿಧನ ವಾರ್ತೆಗಳಲ್ಲಿ ಅಗಲಿದವರ ಕುಟುಂಬದವರ ಹೆಸರುಗಳ ನಡುವೆ ಹಾರ್ಟ್ ಇದ್ದಾರೆ. ಮೊಮ್ಮಗಳು ಎಂದಲ್ಲ, ಮೊಮ್ಮಗ ಎಂದು. ನಮ್ಮಲ್ಲಿ ತಿಥಿ ಕಾರ್ಡಿನಲ್ಲಿ ಯಾರ ಹೆಸರು ಬಂತು, ಯಾರದ್ದು ಬಿಟ್ಟುಹೋಯಿತು ಎಂಬುದರ ಮೇಲೆ ಮನೆಮನೆಗಳೇ ಮುರಿದದ್ದನ್ನು ಕಂಡವರಿಗೆ ಆ ಒಂದು ಪದದ ತೂಕ ಗೊತ್ತಾಗುತ್ತದೆ.

ಎದೆಯೊಳಗಿನ ನೆರಳು

ಹಾರ್ಟ್ ಹಿಡಿದ ರೋಗ ಕ್ಷಯ, ಅಂದರೆ ಟಿಬಿ. ಆಗ ಅದಕ್ಕೆ ಮಾತ್ರೆ ಇರಲಿಲ್ಲ. ಕೆಮ್ಮಿನಲ್ಲಿ ರಕ್ತ ಕಂಡು ರೋಗಿ ಡಾಕ್ಟರ ಹತ್ತಿರ ಬರುವ ಹೊತ್ತಿಗೆ ಶ್ವಾಸಕೋಶ ಹಾಳಾಗಿರುತ್ತಿತ್ತು, ಮನೆಮಂದಿಗೂ ಅಂಟಿರುತ್ತಿತ್ತು. ಎಕ್ಸ್‌ರೇ ಇಲ್ಲಿ ಕೆಲಸಕ್ಕೆ ಬಂತು. ಗಾಳಿ ತುಂಬಿದ ಶ್ವಾಸಕೋಶ ಫಿಲ್ಮಿನಲ್ಲಿ ಕಪ್ಪಗೆ ಕಾಣುತ್ತದೆ. ಟಿಬಿ ಕೊರೆದ ಜಾಗ ಬಿಳಿಯ ಮಚ್ಚೆಯಾಗಿ ಮೂಡುತ್ತದೆ, ಅದೂ ಎಷ್ಟೋ ಸಲ ಕೆಮ್ಮು ಜೋರಾಗುವ ಮೊದಲೇ. ಹಾಗಾದರೆ ರೋಗಿ ಬರಲಿ ಎಂದು ಕಾಯುವುದೇಕೆ, ಆರೋಗ್ಯವಾಗಿ ಕಾಣುವವರನ್ನೂ ಸಾಲಾಗಿ ನಿಲ್ಲಿಸಿ ಎದೆಯ ಎಕ್ಸ್‌ರೇ ತೆಗೆಯೋಣ ಎಂದು ಪಟ್ಟು ಹಿಡಿದವರಲ್ಲಿ ಹಾರ್ಟ್ ಮುಂಚೂಣಿಯವರು. ಬೇಗ ಸಿಕ್ಕ ರೋಗಿಯನ್ನು ಬೇರೆ ಇರಿಸಿ ಆರೈಕೆ ಮಾಡಿದರೆ ಅವರೂ ಉಳಿಯಬಹುದು, ಮನೆಯವರೂ ಉಳಿಯಬಹುದು.

ಟಕೋಮಾ ಆಸ್ಪತ್ರೆಯ ರೇಡಿಯಾಲಜಿ ವಿಭಾಗ ನಡೆಸಿದ ಮೇಲೆ ಅವರು ಐಡಾಹೋ ರಾಜ್ಯದ ಹಳ್ಳಿಗಾಡಿನಲ್ಲಿ ಸಾವಿರಾರು ಮೈಲಿ ಓಡಾಡಿದರು. ಸಂಚಾರಿ ತಪಾಸಣೆ, ಸಿಬ್ಬಂದಿಗೆ ತರಬೇತಿ, ಊರ ಜನರಿಗೆ ಭಾಷಣ, ಎಲ್ಲ ಇವರದ್ದೇ. ಟಿಬಿ ಅಂದರೆ ಜನ ನಾಚಿಕೆಪಟ್ಟು ಅಡಗುತ್ತಿದ್ದರು, ಹಾಗಾಗಿ ಕ್ಲಿನಿಕ್ಕಿಗೆ ಎದೆ ಕ್ಲಿನಿಕ್ ಎಂದು ಕರೆಯುತ್ತಿದ್ದರು. ಬಯಲಾದರೆ ಬದುಕು ಹೋಗುತ್ತದೆ ಎಂಬ ಭಯ ಏನೆಂದು ಅವರಿಗೆ ಯಾರೂ ಪಾಠ ಮಾಡಬೇಕಿರಲಿಲ್ಲ. ನಡುವೆ ನಾಲ್ಕು ಕಾದಂಬರಿ ಬರೆದರು, 1943ರಲ್ಲಿ ಸಾಮಾನ್ಯ ಓದುಗರಿಗೆ ಎಕ್ಸ್‌ರೇ ಬಗ್ಗೆ ಒಂದು ಪುಸ್ತಕವನ್ನೂ ಬರೆದರು. 1948ರಲ್ಲಿ ಯೇಲ್‌ನಲ್ಲಿ ಸಾರ್ವಜನಿಕ ಆರೋಗ್ಯದ ಪದವಿ ಪಡೆದು ಕನೆಕ್ಟಿಕಟ್ ರಾಜ್ಯದ ಕ್ಷಯರೋಗ ಆಯೋಗದಲ್ಲಿ ಕೊನೆಯವರೆಗೂ ದುಡಿದರು. ಸಾಲಾಗಿ ನಿಲ್ಲಿಸಿ ಎದೆಯ ಫೋಟೋ ತೆಗೆಯುವ ಇದೇ ಬಗೆಯ ಸಮೀಕ್ಷೆಯನ್ನು 1960ರ ಆಸುಪಾಸಿನಲ್ಲಿ ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ನಡೆಸಿತ್ತು.

ಈಗ ವಿಜ್ಞಾನ ಏನು ಹೇಳುತ್ತದೆ?

ಗಿಲ್ಬರ್ಟ್ ಒಬ್ಬರೇ ಕಂಡುಕೊಂಡದ್ದನ್ನು ವಿಶ್ವ ಆರೋಗ್ಯ ಸಂಸ್ಥೆ ಒಪ್ಪಲು ನೂರು ವರ್ಷ ಹಿಡಿಯಿತು. 2019ರಲ್ಲಿ ಅಂಗೀಕರಿಸಿದ ತನ್ನ ರೋಗಗಳ ಪಟ್ಟಿಯಲ್ಲಿ ಅದು ಈ ವಿಷಯವನ್ನು ಮಾನಸಿಕ ಕಾಯಿಲೆಗಳ ಅಧ್ಯಾಯದಿಂದ ಹೊರಗೆ ತಂದಿತು. ಮನಸ್ಸು ತಿರುಗಿಸುವ ಚಿಕಿತ್ಸೆ ಕೊಡುವುದು ವೈದ್ಯರ ದುರ್ನಡತೆ ಎಂದು ನಮ್ಮ ದೇಶದ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹೇಳಿದೆ. ಹೀಗಾಗಿ ಹಿಪ್ನಾಟಿಸಂ ಮಾಡಿ ಸರಿ ಮಾಡುತ್ತೇವೆ ಎನ್ನುವ ಜಾಹೀರಾತನ್ನು ಫಾರ್ವರ್ಡ್ ಮಾಡಬೇಡಿ.

ಹದಿಹರೆಯದವರಿಗೆ ಕೊಡುವ ಔಷಧಿ, ಹಾರ್ಮೋನುಗಳ ಬಗ್ಗೆ ವೈದ್ಯರ ನಡುವೆ ಇನ್ನೂ ಚರ್ಚೆ ಇದೆ. ಕೆಲವು ದೇಶಗಳು ನಿಯಮ ಬಿಗಿ ಮಾಡಿವೆ. ಅದು ತಜ್ಞರ ಬಳಿ ಕೂತು, ಸಮಯ ತೆಗೆದುಕೊಂಡು ಮಾತಾಡಬೇಕಾದ ವಿಷಯ. ಆದರೆ ಮನೆಯಲ್ಲಿ ಮಗು ಇಷ್ಟಪಟ್ಟ ಹೆಸರಿನಿಂದ ಕರೆಯಲು ಯಾವ ಪ್ರಿಸ್ಕ್ರಿಪ್ಶನ್ನೂ ಬೇಡ. ಅಮೆರಿಕದಲ್ಲಿ 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಮನೆ, ಶಾಲೆ, ಗೆಳೆಯರ ನಡುವೆ ತಾವು ಆರಿಸಿಕೊಂಡ ಹೆಸರಿನಿಂದ ಕರೆಸಿಕೊಳ್ಳುವ ಟ್ರಾನ್ಸ್ ಯುವಜನರಲ್ಲಿ ಖಿನ್ನತೆ ಮತ್ತು ಸಾಯುವ ಯೋಚನೆ ಕಡಿಮೆ ಕಂಡುಬಂತು. ಇಂಥ ಅಧ್ಯಯನ ಹೆಸರೊಂದೇ ಕಾರಣ ಎಂದು ಸಾಬೀತು ಮಾಡುವುದಿಲ್ಲ. ಆದರೂ ಆ ಕಡೆಗೆ ಬೆರಳು ತೋರಿಸುತ್ತದೆ, ಮತ್ತು ಆ ಬೆರಳು ಅಜ್ಜನ ಜಮೀನಿನ ದಿಕ್ಕಿಗೇ ಇದೆ.

ಕೊನೆಯ ಕಾಗದಗಳು

ಅಲನ್ ಹಾರ್ಟ್ 1962ರ ಜುಲೈ 1ರಂದು ಹೃದಯ ವೈಫಲ್ಯದಿಂದ ತೀರಿಕೊಂಡರು. ತನ್ನ ಖಾಸಗಿ ಕಾಗದಪತ್ರಗಳನ್ನು ನಾಶಮಾಡಬೇಕೆಂದು ಉಯಿಲಿನಲ್ಲಿ ಬರೆದಿದ್ದರು. ಗಿಲ್ಬರ್ಟ್ ವರದಿಯ ಹೆಸರಿಲ್ಲದ ರೋಗಿ ಇವರೇ ಎಂದು ಇತಿಹಾಸಕಾರ ಜೊನಾಥನ್ ನೆಡ್ ಕಾಟ್ಜ್ ಬರೆದದ್ದು 1976ರಲ್ಲಿ. ಆಮೇಲೆ ಇವರನ್ನು ಗಂಡು ಎನ್ನಬೇಕೋ ಹೆಣ್ಣು ಎನ್ನಬೇಕೋ ಎಂದು ವಿದ್ವಾಂಸರು ವರ್ಷಗಟ್ಟಲೆ ಜಗಳವಾಡಿದರು. ಅಜ್ಜ ಅಜ್ಜಿಯ ನಿಧನ ವಾರ್ತೆ ಬರೆಸಿದವರಿಗೆ ಆ ಗೊಂದಲ ಇರಲಿಲ್ಲ.

ಹೆಂಡತಿ ಎಡ್ನಾ ಇನ್ನೂ 20 ವರ್ಷ ಬದುಕಿದ್ದರು. ಹಾರ್ಟ್ ಇಚ್ಛೆಯಂತೆ ಇಬ್ಬರ ಆಸ್ತಿಯ ದೊಡ್ಡ ಪಾಲು ಒರೆಗಾನ್‌ನ ವೈದ್ಯಕೀಯ ಸಂಶೋಧನಾ ನಿಧಿಯೊಂದಕ್ಕೆ ಹೋಯಿತು. ಆ ಹಣ ಟಿಬಿಗೆ ಅಲ್ಲ, ರಕ್ತದ ಕ್ಯಾನ್ಸರ್ ಸಂಶೋಧನೆಗೆ. ಮಗುವಿನ ಆಸೆಯನ್ನು ಹುಚ್ಚು ಎಂದುಕೊಂಡೂ ಹುಡುಗನ ಬಟ್ಟೆ ತೊಡಲು ಬಿಟ್ಟ ತಾಯಿ ಸತ್ತದ್ದು ಆ ಕಾಯಿಲೆಯಿಂದ.